ಕಾಳುಮೆಣಸಿನ ಒಂದು ಜೀನ್ ಮತ್ತು ಸ್ಥಳ ತಪ್ಪಿದ ಕವಲು: ಶಿರಸಿಯಿಂದ ಒಂದು ಪ್ರಕರಣ ಅಧ್ಯಯನ

ಶಿರಸಿಯ ಸುತ್ತಲಿನ ಯಾವುದೇ ಅಡಿಕೆ ತೋಟಕ್ಕೆ ಇಳಿದರೂ ಹೂಬಿಡುವ ಸಸ್ಯಗಳ ಇತಿಹಾಸದ ದೊಡ್ಡ ಕವಲುಗಳು ಹತ್ತಿಪ್ಪತ್ತು ಮಾರು ದೂರದೊಳಗೇ ಕಾಣಸಿಗುತ್ತವೆ. ಅಡಿಕೆ ಮತ್ತು ಬಾಳೆ ಏಕದಳ ಸಸ್ಯಗಳು. ಬೇಲಿಯಂಚಿನ ಮಾವು, ಹಲಸು ದ್ವಿದಳಗಳು. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸನ್ನು ನಾವು ಶಾಲೆಯಲ್ಲಿ ದ್ವಿದಳವೆಂದೇ ಓದಿದ್ದೇವೆ. ಆದರೆ ಇಂದಿನ ವರ್ಗೀಕರಣದಲ್ಲಿ ಅದು ಮಾವು, ಹಲಸುಗಳ ಗುಂಪಿಗೆ ಸೇರದೆ ದಾಲ್ಚಿನ್ನಿ, ಜಾಯಿಕಾಯಿ, ರಾಮಪತ್ರೆ, ಸಂಪಿಗೆಗಳ ಜೊತೆ ಪ್ರತ್ಯೇಕ ಬಳಗವೊಂದಕ್ಕೆ ಸೇರುತ್ತದೆ. ಮ್ಯಾಗ್ನೋಲಿಡ್ ಎಂಬ ಅದರ ಶಾಸ್ತ್ರೀಯ ಹೆಸರಿನ ಬದಲು ಇಲ್ಲಿ ಅದನ್ನು ಸಂಪಿಗೆ ಬಳಗ ಎಂದು ಕರೆಯುತ್ತೇನೆ. ತೋಟದ ಕೆಳಗಿನ ಕೆರೆಯಲ್ಲಿರುವ ನೈದಿಲೆಯ ವಂಶ ಇವೆಲ್ಲ ಒಂದರಿಂದೊಂದು ಬೇರೆಯಾಗುವ ಮೊದಲೇ ಕವಲೊಡೆದು ಹೋದದ್ದು.

ಈ ತೋಟದ ಗಿಡಗಳನ್ನೇ ಆಧಾರವಾಗಿಟ್ಟುಕೊಂಡು ನನ್ನ ವಿದ್ಯಾರ್ಥಿನಿಯೊಬ್ಬಳು ಸ್ನಾತಕೋತ್ತರ ಪ್ರಬಂಧಕ್ಕೆ ಕೈಹಾಕಿದಾಗ ನಡೆದ ಒಂದು ತಪ್ಪನ್ನೂ, ಅದನ್ನು ತಿದ್ದಿದ ಬಗೆಯನ್ನೂ, ತಿದ್ದುವಾಗ ಎಲ್ಲಿ ಕೈ ತಡೆಯಬೇಕಾಯಿತು ಎಂಬುದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಆಕೆಯ ಮನೆಯ ತೋಟದಲ್ಲಿ ಸೊರಗು ರೋಗಕ್ಕೆ ಮೆಣಸಿನ ಬಳ್ಳಿಗಳು ಸಾಲುಸಾಲಾಗಿ ಹೋಗಿದ್ದವು. ಮೆಣಸಿನ ಜೀನ್‌ಗಳ ಬಗ್ಗೆ ಅವಳಿಗಿದ್ದ ಆಸಕ್ತಿ ಅಲ್ಲಿಂದ ಹುಟ್ಟಿದ್ದು. ಅವಳು ಆರಿಸಿಕೊಂಡದ್ದು ಒಂದು ಕಿಣ್ವದ ಜೀನ್. ಅದು ಯಾವುದೆಂಬುದು ಈ ಬರಹದ ವಾದಕ್ಕೆ ಮುಖ್ಯವಲ್ಲದ್ದರಿಂದ ಹೆಸರಿಸುವುದಿಲ್ಲ. ಬಾಳೆಯ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಪಾಠ, 2012ರಲ್ಲೂ ಕಾಳುಮೆಣಸಿನದು 2019ರಲ್ಲೂ ಪ್ರಕಟವಾದವು. ಮೆಣಸಿನದು 26 ವರ್ಣತಂತುಗಳ ಮಟ್ಟಕ್ಕೆ ಜೋಡಿಸಲಾದ, ಸುಮಾರು 761 ಮೆಗಾಬೇಸ್‌ಗಳ, ಅಂದರೆ 76 ಕೋಟಿ ಡಿಎನ್‌ಎ ಅಕ್ಷರಗಳ ಜೀನೋಮ್. ಅಡಿಕೆ, ಮಾವು, ಹಲಸು, ನೈದಿಲೆಗಳದ್ದೂ ಈಗ ಸಾರ್ವಜನಿಕವಾಗಿ ಸಿಗುತ್ತವೆ. ದಾಲ್ಚಿನ್ನಿಯ ಪರವಾಗಿ ಅದರ ಹತ್ತಿರದ ಬಂಧುವಾದ ತೈವಾನಿನ ಕರ್ಪೂರ ಜಾತಿಯ ಮರವನ್ನು ತೆಗೆದುಕೊಂಡೆವು. ಒಟ್ಟು ಏಳು ಸಸ್ಯಗಳು, ಪ್ರತಿಯೊಂದರಿಂದ ಒಂದೊಂದು ಪ್ರೋಟೀನ್ ಅನುಕ್ರಮ, ಅಂದರೆ ಆ ಜೀನ್ ತಯಾರಿಸುವ ಪ್ರೋಟೀನಿನ ಅಮೈನೋ ಆಮ್ಲಗಳ ಸಾಲು.

ಏಳು ಅನುಕ್ರಮಗಳನ್ನು ಸಾಲಾಗಿ ಜೋಡಿಸಿ, ಗರಿಷ್ಠ ಲೈಕ್‌ಲಿಹುಡ್ ವಿಧಾನದಿಂದ, ಅಂದರೆ ಈ ಅನುಕ್ರಮಗಳು ಹುಟ್ಟುವ ಸಂಭವ ಯಾವ ವೃಕ್ಷದಲ್ಲಿ ಅತಿ ಹೆಚ್ಚೋ ಅದನ್ನು ಆರಿಸುವ ವಿಧಾನದಿಂದ, ಜೀನ್ ವೃಕ್ಷವನ್ನು (ಜೀನಿನ ವಂಶವೃಕ್ಷವನ್ನು) ಕಟ್ಟಿದಾಗ ಬಂದ ಚಿತ್ರ ಹೀಗಿತ್ತು. ಅಡಿಕೆ ಮತ್ತು ಬಾಳೆ ಒಟ್ಟಿಗಿದ್ದವು, ಮಾವು ಮತ್ತು ಹಲಸು ಒಟ್ಟಿಗಿದ್ದವು, ಈ ಎರಡು ಜೋಡಿಗಳು ಪರಸ್ಪರ ಸೇರಿದ್ದವು, ಅದರ ಹೊರಗೆ ಕರ್ಪೂರದ ಮರವಿತ್ತು. ಇಷ್ಟರವರೆಗೆ ಅಚ್ಚರಿಯೇನೂ ಇಲ್ಲ. ಆದರೆ ಕರ್ಪೂರದ ಪಕ್ಕದಲ್ಲಿ ಕೂರಬೇಕಾಗಿದ್ದ ಮೆಣಸು ಅಲ್ಲಿರದೆ, ಉಳಿದ ಐದೂ ಸಸ್ಯಗಳ ಹೊರಗೆ, ನೈದಿಲೆಯ ಪಕ್ಕಕ್ಕೆ ಜಾರಿ ನಿಂತಿತ್ತು. ಅದರ ಕವಲು ಉಳಿದೆಲ್ಲ ಕವಲುಗಳಿಗಿಂತ ಎದ್ದು ಕಾಣುವಷ್ಟು ಉದ್ದವಾಗಿತ್ತು (ಕವಲಿನ ಉದ್ದ ಅನುಕ್ರಮದಲ್ಲಾದ ಬದಲಾವಣೆಗಳ ಅಳತೆ).

ಜೀನಿನ ವಂಶವೃಕ್ಷವೂ ಅದನ್ನು ಹೊತ್ತ ಪ್ರಭೇದಗಳ ವಂಶವೃಕ್ಷವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಪೂರ್ವಜನೊಬ್ಬನಲ್ಲಿ ಜೀನ್ ಇಮ್ಮಡಿಯಾಗಿ, ಒಂದು ವಂಶ ಮೊದಲ ಪ್ರತಿಯನ್ನು ಉಳಿಸಿಕೊಂಡು ಇನ್ನೊಂದು ವಂಶ ಎರಡನೆಯ ಪ್ರತಿಯನ್ನು ಉಳಿಸಿಕೊಂಡರೆ ಎರಡೂ ವೃಕ್ಷಗಳು ಭಿನ್ನವಾಗುತ್ತವೆ. ಈ ಭಿನ್ನತೆಯನ್ನು ಇಮ್ಮಡಿಕೆ ಮತ್ತು ನಷ್ಟಗಳ ಲೆಕ್ಕವಾಗಿ ಬಿಡಿಸುವ, ಹೊಂದಾಣಿಕೆ ಎಂಬ ವಿಧಾನವನ್ನು ಮಾರಿಸ್ ಗುಡ್‌ಮನ್ ಮತ್ತು ಸಂಗಡಿಗರು 1979ರಲ್ಲಿ ಗ್ಲೋಬಿನ್ ಜೀನ್‌ಗಳನ್ನು ಇಟ್ಟುಕೊಂಡು ತೋರಿಸಿದರು. ಜೀನ್ ವೃಕ್ಷದ ಪ್ರತಿಯೊಂದು ಗಂಟಿಗೂ, ಅದರ ಕೆಳಗಿರುವ ಎಲ್ಲ ಪ್ರಭೇದಗಳ ಅತಿ ಹತ್ತಿರದ ಸಮಾನ ಪೂರ್ವಜ ಯಾರೆಂದು ಪ್ರಭೇದ ವೃಕ್ಷದಲ್ಲಿ ಹುಡುಕಬೇಕು. ಮೇಲಿನ ಗಂಟು ಮತ್ತು ಅದರ ಮಗುವಾದ ಕೆಳಗಿನ ಗಂಟು ಒಂದೇ ಪೂರ್ವಜನ ಮೇಲೆ ಬಂದು ಕುಳಿತರೆ ಮೇಲಿನದು ಇಮ್ಮಡಿಕೆ, ಇಲ್ಲವಾದರೆ ಅದು ಪ್ರಭೇದಗಳ ಸಾಮಾನ್ಯ ಕವಲು.

ಮೇಲೆ ಹೇಳಿದ ವೃಕ್ಷಕ್ಕೆ ಈ ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಮೆಣಸು ಕವಲೊಡೆದ ಗಂಟಿನ ಕೆಳಗೆ ನೈದಿಲೆಯನ್ನು ಬಿಟ್ಟು ಆರೂ ಸಸ್ಯಗಳಿವೆ. ಅವುಗಳ ಸಮಾನ ಪೂರ್ವಜ ಸಂಪಿಗೆ ಬಳಗ, ಏಕದಳ, ದ್ವಿದಳಗಳೆಲ್ಲದರ ಮೂಲಪುರುಷ. ಅದರ ಕೆಳಗಿನ ಗಂಟಿನಲ್ಲಿ ಕರ್ಪೂರ, ಅಡಿಕೆ, ಬಾಳೆ, ಮಾವು, ಹಲಸುಗಳಿದ್ದು, ಅವುಗಳ ಸಮಾನ ಪೂರ್ವಜನೂ ಅದೇ ಮೂಲಪುರುಷ. ಆದ್ದರಿಂದ ಮೇಲಿನ ಗಂಟು ಇಮ್ಮಡಿಕೆಯಾಗುತ್ತದೆ. ಹಾಗೆ ಹುಟ್ಟಿದ ಎರಡು ಪ್ರತಿಗಳಲ್ಲಿ ಮೊದಲನೆಯದು ಇಂದು ಮೆಣಸಿನಲ್ಲಿ ಮಾತ್ರ ಇದೆ. ಅಂದರೆ ಏಕದಳ ಮತ್ತು ದ್ವಿದಳಗಳ ಪೂರ್ವಜನಲ್ಲಿ ಒಮ್ಮೆ, ಕರ್ಪೂರದ ವಂಶದಲ್ಲಿ ಇನ್ನೊಮ್ಮೆ ಅದು ಕಳೆದುಹೋಗಿರಬೇಕು. ಎರಡನೆಯ ಪ್ರತಿ ಮೆಣಸಿನಲ್ಲಿ ಮಾತ್ರ ಇಲ್ಲ, ಆದ್ದರಿಂದ ಅಲ್ಲೊಂದು ನಷ್ಟ. ಒಂದು ಇಮ್ಮಡಿಕೆ, ಮೂರು ನಷ್ಟ.

ಇದನ್ನು ಮಾತಿನಲ್ಲಿ ಹೇಳಿದಾಗ ಬಹಳ ಸೊಗಸಾದ ಕಥೆಯಾಗುತ್ತದೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಹುಟ್ಟಿದ ಪುರಾತನ ಪ್ರತಿಯೊಂದನ್ನು ಎಲ್ಲ ಗಿಡಗಳೂ ಕಳೆದುಕೊಂಡಿವೆ, ಮೆಣಸು ಒಂದೇ ಕಾಪಾಡಿಕೊಂಡು ಬಂದಿದೆ! ಪ್ರಬಂಧದ ಮೊದಲ ಕರಡಿನಲ್ಲಿ ಈ ವಾಕ್ಯವೇ ಇತ್ತು. ಅದರ ಬೆನ್ನಿಗೆ, ಈ ಪ್ರತಿ ಮೆಣಸಿನ ವಿಶೇಷ ಗುಣಗಳಿಗೆ ಕಾರಣವಿರಬಹುದೆಂಬ ಊಹೆಯೂ ಇತ್ತು. ಮೊದಲ ವಾರ ನಾನೂ ಅದನ್ನು ಒಪ್ಪಿದ್ದೆ, ಕರಡಿನ ಅಂಚಿನಲ್ಲಿ ಮೆಚ್ಚುಗೆಯನ್ನೂ ಬರೆದಿದ್ದೆ. ಆ ಮೆಚ್ಚುಗೆ ನನ್ನ ತಪ್ಪು. ಲೆಕ್ಕ ಸರಿಯಿದೆಯೇ ಎಂದು ನೋಡಿದ್ದೆನೇ ಹೊರತು, ಲೆಕ್ಕಕ್ಕೆ ಕೊಟ್ಟ ವೃಕ್ಷ ನಂಬತಕ್ಕದ್ದೇ ಎಂದು ಕೇಳಿರಲಿಲ್ಲ. ಹೊಂದಾಣಿಕೆಯ ಲೆಕ್ಕಕ್ಕೆ ಸಂಶಯ ಪಡುವ ಶಕ್ತಿಯಿಲ್ಲ. ಕೊಟ್ಟ ಜೀನ್ ವೃಕ್ಷದಲ್ಲಿ ಒಂದು ಕವಲು ತಪ್ಪಿ ಕೂತಿದ್ದರೂ ಅದು ಆ ತಪ್ಪಿಗೆ ಇಮ್ಮಡಿಕೆ ಮತ್ತು ನಷ್ಟಗಳ ರೂಪದಲ್ಲಿ ಒಂದು ಚರಿತ್ರೆಯನ್ನು ಕೊಟ್ಟೇ ಕೊಡುತ್ತದೆ.

ಸಂಶಯ ಬಂದದ್ದು ನಷ್ಟಗಳನ್ನು ವೃಕ್ಷದ ಮೇಲೆ ಒಂದೊಂದಾಗಿ ಗುರುತು ಹಾಕುವಾಗ. ಇಮ್ಮಡಿಕೆಯಿಂದ ಹುಟ್ಟಿದ ಎರಡು ಪ್ರತಿಗಳನ್ನೂ ಉಳಿಸಿಕೊಂಡ ಗಿಡ ಒಂದೂ ಇರಲಿಲ್ಲ. ಪ್ರತಿಯೊಂದು ವಂಶವೂ ಸರಿಯಾಗಿ ಒಂದನ್ನು ಮಾತ್ರ ಕಳೆದುಕೊಂಡಿತ್ತು, ಎರಡನ್ನೂ ಉಳಿಸಿಕೊಂಡವರೂ ಇಲ್ಲ, ಎರಡನ್ನೂ ಕಳೆದುಕೊಂಡವರೂ ಇಲ್ಲ. ನಿಜವಾದ ಪುರಾತನ ಇಮ್ಮಡಿಕೆಯಾಗಿದ್ದರೆ ಇಷ್ಟು ಅಚ್ಚುಕಟ್ಟಾಗಿ ಒಬ್ಬರು ಬಿಟ್ಟದ್ದನ್ನೇ ಇನ್ನೊಬ್ಬರು ಹಿಡಿದಿರುವುದು ಕಷ್ಟ. ಎನ್ಸೆಂಬ್ಲ್ ಎಂಬ ಸಾರ್ವಜನಿಕ ಜೀನೋಮ್ ದತ್ತಾಂಶ ಸಂಗ್ರಹದ ಜೀನ್ ವೃಕ್ಷಗಳಲ್ಲಿ ಇದಕ್ಕೇ ಒಂದು ಅಳತೆಯಿದೆ. ಇಮ್ಮಡಿಕೆಯ ಎರಡೂ ಬದಿಗಳಲ್ಲಿ ಕಾಣುವ ಪ್ರಭೇದಗಳ ಸಂಖ್ಯೆಯನ್ನು, ಯಾವುದಾದರೂ ಒಂದು ಬದಿಯಲ್ಲಿ ಕಾಣುವ ಒಟ್ಟು ಪ್ರಭೇದಗಳ ಸಂಖ್ಯೆಯಿಂದ ಭಾಗಿಸಬೇಕು. ನಮ್ಮಲ್ಲಿ ಒಂದು ಬದಿಗೆ ಮೆಣಸು, ಇನ್ನೊಂದು ಬದಿಗೆ ಉಳಿದ ಐದು, ಎರಡೂ ಬದಿಗೆ ಸೇರಿದವು ಸೊನ್ನೆ. ಸೊನ್ನೆಯನ್ನು ಆರರಿಂದ ಭಾಗಿಸಿದರೆ ಸೊನ್ನೆಯೇ. ಅಂಥ ಇಮ್ಮಡಿಕೆಯನ್ನು ಅನುಮಾನಾಸ್ಪದ ಎಂದು ಗುರುತಿಸುವ ವಾಡಿಕೆಯಿದೆ.

ಮ್ಯಾಥ್ಯೂ ಹಾನ್ 2007ರಲ್ಲಿ ತೋರಿಸಿಕೊಟ್ಟ ಒಲವೂ ಇದಕ್ಕೆ ಹೊಂದುತ್ತದೆ. ಜೀನ್ ವೃಕ್ಷಗಳಲ್ಲಿನ ತಪ್ಪುಗಳು ಹೊಂದಾಣಿಕೆಯಲ್ಲಿ ಹಿಂದುಮುಂದಾಗಿ ಎಲ್ಲ ಕಡೆಗೂ ಸಮನಾಗಿ ಹರಡುವುದಿಲ್ಲ. ಸುಳ್ಳು ಇಮ್ಮಡಿಕೆಗಳು ಬುಡದ ಕಡೆಗೆ, ಅಂದರೆ ಪ್ರಾಚೀನ ಪೂರ್ವಜರ ಮೇಲೆ ಹೋಗಿ ಕೂರುತ್ತವೆ, ಸುಳ್ಳು ನಷ್ಟಗಳು ತುದಿಯ ಕಡೆಗೆ ಇಳಿಯುತ್ತವೆ. ಕಾರಣ ಸರಳ. ಜಾರಿದ ಕವಲು ಎಷ್ಟು ದೂರ ಜಾರಿದರೆ ಅದನ್ನು ಒಳಗೊಳ್ಳುವ ಸಮಾನ ಪೂರ್ವಜನೂ ಅಷ್ಟೇ ಹಳಬನಾಗುತ್ತಾನೆ. ಪ್ರಾಚೀನ ಕಾಲದಲ್ಲಿ ಜೀನ್‌ಗಳು ಬಹಳ ಇಮ್ಮಡಿಯಾದವು, ಆಮೇಲೆ ಬಹಳ ಕಳೆದುಹೋದವು ಎಂಬ ಚಿತ್ರ ಎಲ್ಲಿ ಕಂಡರೂ, ಅದರಲ್ಲಿ ವೃಕ್ಷದ ತಪ್ಪಿನ ಪಾಲೆಷ್ಟು ಎಂದು ಮೊದಲು ಕೇಳಬೇಕು.

ಬೇರನ್ನು, ಅಂದರೆ ವೃಕ್ಷದ ಅತಿ ಹಳೆಯ ಬಿಂದುವನ್ನು, ಎಲ್ಲಿಡಬೇಕೆಂಬ ಪ್ರಶ್ನೆಯೂ ಬಂತು. ಏಳು ತುದಿಗಳ ಬೇರಿಲ್ಲದ ವೃಕ್ಷದಲ್ಲಿ 11 ಕೊಂಬೆಗಳಿರುತ್ತವೆ, ಬೇರನ್ನು ಅವುಗಳಲ್ಲಿ ಯಾವುದರ ಮೇಲೂ ಇಡಬಹುದು. ನೈದಿಲೆಯ ಕೊಂಬೆಯ ಮೇಲಿಟ್ಟರೆ ಮೂರು ನಷ್ಟ. ನೈದಿಲೆ ಮತ್ತು ಮೆಣಸು ಒಂದು ಜೋಡಿಯಾಗುವಂತೆ ಇಟ್ಟರೆ ಒಂದು ಇಮ್ಮಡಿಕೆ, ನಾಲ್ಕು ನಷ್ಟ. ಮೆಣಸಿನ ಕೊಂಬೆಯ ಮೇಲೆಯೇ ಇಟ್ಟರೂ ನಾಲ್ಕೇ. ಬೇರು ಬದಲಿಸಿ ಈ ಸಮಸ್ಯೆಯಿಂದ ಪಾರಾಗಲು ಸಾಧ್ಯವಿರಲಿಲ್ಲ.

“ಇದರ ಎರಡನೇ ಪ್ರತಿ ಯಾವ ಗಿಡದಲ್ಲಾದರೂ ಇದೆಯೇನಮ್ಮ?” ಎಂದು ನಾನು ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಪ್ರತಿ ಗಿಡದಿಂದ ಅತಿ ಹೆಚ್ಚು ಹೋಲುವ ಒಂದನ್ನೇ ತೆಗೆದುಕೊಂಡಿದ್ದೆ ಸರ್, ಬೇರೆ ಹುಡುಕಿಲ್ಲ,” ಎಂದಳು. ಇದು ಪ್ರಾಮಾಣಿಕ ಉತ್ತರ, ಮತ್ತು ಮುಖ್ಯವಾದ ಉತ್ತರ. ಒಂದೊಂದೇ ಪ್ರತಿಯನ್ನು ಆರಿಸಿಕೊಂಡ ಮೇಲೆ ಎರಡೂ ಪ್ರತಿಗಳಿರುವ ಗಿಡ ಕಾಣುವುದಾದರೂ ಹೇಗೆ? ಸೊನ್ನೆ ಬಂದದ್ದಕ್ಕೆ ನಮ್ಮ ಆಯ್ಕೆಯೇ ಕಾರಣವಾಗಿದ್ದಿರಬಹುದು. ಆದ್ದರಿಂದ ಏಳೂ ಜೀನೋಮ್‌ಗಳನ್ನು ಮತ್ತೆ ಸೋಸಿ, ಗುರುತಿಸದೆ ಬಿಟ್ಟ ತುಣುಕುಗಳನ್ನೂ ಸೇರಿಸಿ ಹುಡುಕಿದಳು. ನಮಗೆ ಹೆಚ್ಚು ಅನುಮಾನವಿದ್ದದ್ದು ಬಾಳೆಯ ಮೇಲೆ, ಏಕೆಂದರೆ ಅದರ ವಂಶದಲ್ಲಿ ಇಡೀ ಜೀನೋಮೇ ಮೂರು ಸಲ ಇಮ್ಮಡಿಯಾದ ಕುರುಹುಗಳಿವೆ. ಅಲ್ಲಿಯೂ ಈ ಜೀನಿನ ಒಂದೇ ಪ್ರತಿ ಸಿಕ್ಕಿತು. ಇಡೀ ಜೀನೋಮ್ ಇಮ್ಮಡಿಯಾದ ಮೇಲೂ ಹಲವು ಜೀನ್‌ಗಳು ಕಾಲಕ್ರಮದಲ್ಲಿ ಮತ್ತೆ ಒಂಟಿಯಾಗುವುದು ಸಸ್ಯಗಳಲ್ಲಿ ಅಪರೂಪವಲ್ಲ.

ಇಷ್ಟಾದ ಮೇಲೆ ಪ್ರಭೇದ ವೃಕ್ಷವನ್ನು ಬದಿಗಿಟ್ಟು ಅನುಕ್ರಮದ ಕಡೆಗೇ ಹೋದೆವು. ತಿದ್ದುಪಡಿಯ ಕ್ರಮಾವಳಿಗಳು ಕೈಗೆ ಸುಲಭವಾಗಿ ಸಿಗುವ ಈ ದಿನಗಳಲ್ಲಿ ಹೆಚ್ಚಿನವರು ಈ ಹೆಜ್ಜೆಯನ್ನು ದಾಟಿಬಿಡುತ್ತಾರೆ. ವೃಕ್ಷದ ತಪ್ಪನ್ನು ವೃಕ್ಷದಲ್ಲೇ ತಿದ್ದುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಜೋಡಿಸಿದ ಸಾಲುಗಳನ್ನು ಕಣ್ಣಿನಿಂದಲೇ ಓದುತ್ತ ಹೋದಾಗ, ಮೆಣಸಿನ ಪ್ರೋಟೀನಿನ ನಡುವೆ ಒಂದು ಭಾಗ ಉಳಿದ ಆರರಲ್ಲಿ ಯಾವುದಕ್ಕೂ ಹೋಲದಿರುವುದು ಕಂಡಿತು. ಜೋಡಿಸುವ ತಂತ್ರಾಂಶ ಆ ಭಾಗವನ್ನು ಪೂರ್ತಿ ಖಾಲಿಗೆ ಎದುರಾಗಿ ನಿಲ್ಲಿಸಿರಲಿಲ್ಲ. ಅದರ ಅರ್ಧವನ್ನು ಪಕ್ಕದ ನಿಜವಾದ ಅನುಕ್ರಮಗಳ ಎದುರಿಗೆ ಎಳೆದು ಕೂರಿಸಿತ್ತು. ಆ ಭಾಗಕ್ಕೆ ತಕ್ಕ ಡಿಎನ್‌ಎಯನ್ನು ತೆಗೆದು ನೋಡಿದರೆ ಅದು ಜಿ ಮತ್ತು ಟಿ ಅಕ್ಷರಗಳಿಂದ ಆರಂಭವಾಗಿ ಎ ಮತ್ತು ಜಿ ಅಕ್ಷರಗಳಲ್ಲಿ ಮುಗಿಯುತ್ತಿತ್ತು. ಇಂಟ್ರಾನ್‌ಗಳು, ಅಂದರೆ ಪ್ರೋಟೀನ್ ತಯಾರಾಗುವ ಮೊದಲು ಕತ್ತರಿಸಿ ತೆಗೆಯಲ್ಪಡುವ ತುಣುಕುಗಳು, ಬಹುಪಾಲು ಹೀಗೆಯೇ ಆರಂಭವಾಗಿ ಹೀಗೆಯೇ ಮುಗಿಯುತ್ತವೆ. ಅದರ ಉದ್ದ ಮೂರರ ಗುಣಕವಾಗಿದ್ದುದರಿಂದ ಡಿಎನ್‌ಎಯನ್ನು ಮೂರು ಮೂರು ಅಕ್ಷರಗಳಾಗಿ ಓದುವ ಚೌಕಟ್ಟು ಮುಂದೆ ಕೆಡಲಿಲ್ಲ, ನಡುವೆ ನಿಲುಗಡೆಯ ಸಂಕೇತ ಇಲ್ಲದ್ದರಿಂದ ಸ್ವಯಂಚಾಲಿತ ಗುರುತಿಸುವಿಕೆ ತಡೆಯಿಲ್ಲದೆ ಅದನ್ನು ದಾಟಿ ಓದಿಕೊಂಡು ಹೋಗಿ ಪ್ರೋಟೀನಿನ ಭಾಗವೆಂದೇ ಬರೆದುಕೊಂಡಿತ್ತು. ಮೆಣಸಿನ ಆರ್‌ಎನ್‌ಎ ಅನುಕ್ರಮಗಳನ್ನು ಆ ಜಾಗಕ್ಕೆ ಹೊಂದಿಸಿದಾಗ, ಅವು ಆ ತುಣುಕಿನ ಎರಡು ದಡಗಳನ್ನು ಸೇರಿಸಿ ಹಾರುತ್ತಿದ್ದವು. ತುಣುಕು ಇಂಟ್ರಾನೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಇಂಟ್ರಾನ್ ತೆಗೆದು ಮತ್ತೆ ವೃಕ್ಷ ಕಟ್ಟಿದಾಗ ಮೆಣಸಿನ ಕವಲು ಬಹಳಷ್ಟು ಗಿಡ್ಡವಾಯಿತು. ಆದರೂ ಅದು ಕರ್ಪೂರದ ಪಕ್ಕಕ್ಕೆ ಬಂದು ಕೂರಲಿಲ್ಲ. ಬೂಟ್‌ಸ್ಟ್ರಾಪ್ ಪರೀಕ್ಷೆಯಲ್ಲಿ, ಅಂದರೆ ಫೆಲ್ಸೆನ್‌ಸ್ಟೈನ್ 1985ರಲ್ಲಿ ಈ ಕ್ಷೇತ್ರಕ್ಕೆ ತಂದ, ಜೋಡಣೆಯ ಕಂಬಸಾಲುಗಳನ್ನೇ ಮತ್ತೆ ಮತ್ತೆ ಹೆಕ್ಕಿ ವೃಕ್ಷ ಕಟ್ಟುವ ವಿಧಾನದಲ್ಲಿ, ಮೆಣಸು ಹೊರಗೆ ನಿಲ್ಲುವ ಕವಲು ಅರ್ಧದಷ್ಟು ಸಲವೂ ಬರಲಿಲ್ಲ. ಅಂದರೆ ಈಗ ದತ್ತಾಂಶ ಮೆಣಸು ಹೊರಗಿದೆ ಎಂದೂ ಹೇಳುತ್ತಿಲ್ಲ, ಒಳಗಿದೆ ಎಂದೂ ಹೇಳುತ್ತಿಲ್ಲ.

ಉದ್ದ ಕವಲುಗಳು ಒಂದನ್ನೊಂದು ಸೆಳೆಯುವ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. ಒಂದು ಯಕ್ಷಗಾನ ಪ್ರಸಂಗದ ಕೈಬರಹದ ಪ್ರತಿಗಳನ್ನು ಹೋಲಿಸಿ ಯಾವುದು ಯಾವುದರಿಂದ ನಕಲಾಯಿತೆಂದು ಗುರುತಿಸುವ ಕೆಲಸವನ್ನು ಯೋಚಿಸಿ. ಎರಡು ಪ್ರತಿಗಳು ಒಂದೇ ತಪ್ಪನ್ನು ಹೊತ್ತಿದ್ದರೆ ಅವು ಒಂದೇ ಮೂಲದಿಂದ ಬಂದವೆಂದು ಊಹಿಸುತ್ತೇವೆ. ಆದರೆ ಬೇರೆ ಬೇರೆ ಊರಿನ ಇಬ್ಬರು ಲಿಪಿಕಾರರು ತಲಾ ನೂರಾರು ತಪ್ಪುಗಳನ್ನು ಮಾಡಿದ್ದರೆ, ಅವುಗಳಲ್ಲಿ ಕೆಲವು ಆಕಸ್ಮಿಕವಾಗಿ ಒಂದೇ ಆಗಿರುತ್ತವೆ, ಆಗ ಸಂಬಂಧವಿಲ್ಲದ ಎರಡು ಪ್ರತಿಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ. ಪ್ರೋಟೀನಿನಲ್ಲಿ ಅಕ್ಷರಗಳು ಇಪ್ಪತ್ತೇ ಆದ್ದರಿಂದ ಇಂಥ ಆಕಸ್ಮಿಕ ಹೋಲಿಕೆ ಇನ್ನೂ ಸುಲಭ. ಕೆಲವು ವಿಧಾನಗಳಲ್ಲಿ ಇಂಥ ಸನ್ನಿವೇಶದಲ್ಲಿ ದತ್ತಾಂಶವನ್ನು ಹೆಚ್ಚಿಸಿದಷ್ಟೂ ತಪ್ಪು ವೃಕ್ಷದ ಮೇಲಿನ ನಂಬಿಕೆ ಗಟ್ಟಿಯಾಗುತ್ತದೆಯೇ ಹೊರತು ಸರಿಹೋಗುವುದಿಲ್ಲ ಎಂದು ಫೆಲ್ಸೆನ್‌ಸ್ಟೈನ್ 1978ರಲ್ಲೇ ತೋರಿಸಿದ್ದರು. ನಮ್ಮಲ್ಲಿ ನೈದಿಲೆಯದು ಸಹಜವಾಗಿಯೇ ಉದ್ದದ ಕವಲು, ಮೆಣಸಿನದು ಇಂಟ್ರಾನ್ ತೆಗೆದ ಮೇಲೂ ಸ್ವಲ್ಪ ಉದ್ದವೇ.

ಉದ್ದ ಕವಲಿಗೆ ಪರೀಕ್ಷಿತ ಮದ್ದು ಅದನ್ನು ನಡುವೆ ಮುರಿಯುವುದು, ಅಂದರೆ ಅದರ ಮಧ್ಯದಿಂದ ಕವಲೊಡೆಯುವ ಇನ್ನೊಂದು ಸಸ್ಯವನ್ನು ಸೇರಿಸುವುದು. ಮೆಣಸಿನ ಗಣಕ್ಕೇ (ಹಲವು ಕುಟುಂಬಗಳನ್ನು ಒಳಗೊಳ್ಳುವ ಗುಂಪಿಗೇ) ಸೇರಿದ, ಆದರೆ ಬೇರೆ ಕುಟುಂಬದ ಒಂದು ಸಸ್ಯ ಬೇಕಿತ್ತು. ನಮ್ಮ ಕಾಡಿನ ಈಶ್ವರಿ ಬಳ್ಳಿಯ ಕುಲದ ಒಂದು ಪ್ರಭೇದದ ಜೀನೋಮ್ 2021ರಲ್ಲಿ ಪ್ರಕಟವಾಗಿತ್ತು, ಅದರ ಅನುಕ್ರಮವನ್ನು ಸೇರಿಸಿದೆವು. ಈಶ್ವರಿ ಬಳ್ಳಿ ಮತ್ತು ಮೆಣಸು ಒಡನೆಯೇ ಗಟ್ಟಿ ಬೂಟ್‌ಸ್ಟ್ರಾಪ್ ಬೆಂಬಲದೊಂದಿಗೆ ಜೋಡಿಯಾದವು. ಆ ಜೋಡಿ ಈಗ ಹೊರಗಿನಿಂದ ಒಳಗೆ ಸರಿದಿತ್ತು, ಆದರೆ ಕರ್ಪೂರದ ಜೊತೆ ಕೂಡಿತೇ ಎಂಬುದು ಮಾತ್ರ ಇನ್ನೂ ಅಸ್ಪಷ್ಟ.

ಇಲ್ಲಿಗೆ ಬಂದ ಮೇಲೆ ಪ್ರಭೇದ ವೃಕ್ಷದ ಸಹಾಯದಿಂದ ತಿದ್ದುವುದಕ್ಕೆ ಅರ್ಥವಿತ್ತು. ಈ ಬಗೆಯ ತಿದ್ದುಪಡಿಗೆ ಎರಡು ದಾರಿಗಳನ್ನು ಅವಳಿಗೆ ಪರಿಚಯಿಸಿದೆ. ಚೆನ್, ಡ್ಯುರಾಂಡ್ ಮತ್ತು ಫರಾಕ್-ಕೋಲ್ಟನ್ 2000ದಲ್ಲಿ ವಿವರಿಸಿದ ನೋಟಂಗ್ ವಿಧಾನದಲ್ಲಿ, ಬೆಂಬಲ ಕಡಿಮೆಯಿರುವ ಕವಲುಗಳನ್ನು ಮಾತ್ರ ಸಡಿಲಿಸಿ, ಇಮ್ಮಡಿಕೆ ಮತ್ತು ನಷ್ಟಗಳು ಅತಿ ಕಡಿಮೆಯಾಗುವಂತೆ ಮರುಜೋಡಿಸುತ್ತಾರೆ. ಬೆಂಬಲ ಹೆಚ್ಚಿರುವ ಕವಲುಗಳನ್ನು ಮುಟ್ಟುವುದಿಲ್ಲ. 2013ರಲ್ಲಿ ವೂ, ರಾಸ್ಮುಸೆನ್, ಬನ್ಸಲ್ ಮತ್ತು ಕೆಲ್ಲಿಸ್ ಪ್ರಕಟಿಸಿದ ಟ್ರೀಫಿಕ್ಸ್ ಇನ್ನೊಂದು ಬಗೆಯದು. ಅದರ ನಿಲುವು ನನಗೆ ಹೆಚ್ಚು ಹಿಡಿಸುತ್ತದೆ. ಗರಿಷ್ಠ ಲೈಕ್‌ಲಿಹುಡ್ ಪಡೆದ ವೃಕ್ಷ ಎಂಬುದು ಮೊದಲ ಸ್ಥಾನ ಪಡೆದ ವೃಕ್ಷ, ಅಷ್ಟೇ. ಅದರ ಹಿಂದೆ ಕೂದಲೆಳೆಯ ಅಂತರದಲ್ಲಿ ಹಲವು ವೃಕ್ಷಗಳಿರುತ್ತವೆ, ಅವುಗಳಿಗೂ ಮೊದಲನೆಯದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಚಿಕ್ಕ ಅನುಕ್ರಮ ಖಚಿತವಾಗಿ ಹೇಳಲಾರದು. ಶಿಮೊಡೈರಾ ಮತ್ತು ಹಸೆಗಾವಾ 1999ರಲ್ಲಿ ರೂಪಿಸಿದ ಪರೀಕ್ಷೆಯಿಂದ, ಮೊದಲನೆಯದಕ್ಕಿಂತ ಗಣನೀಯವಾಗಿ ಕೀಳಲ್ಲದ ವೃಕ್ಷಗಳನ್ನು ಗುರುತಿಸಿ, ಅವುಗಳ ಒಳಗೇ ಅತಿ ಕಡಿಮೆ ಇಮ್ಮಡಿಕೆ-ನಷ್ಟ ಬೇಡುವುದನ್ನು ಆರಿಸಬೇಕು. ಅನುಕ್ರಮ ಒಪ್ಪದ ವೃಕ್ಷ ಎಷ್ಟೇ ಅಗ್ಗವಾಗಿದ್ದರೂ ಆಯ್ಕೆಗೆ ಬರುವುದಿಲ್ಲ.

ಸಸ್ಯಗಳು ಕಡಿಮೆಯಿದ್ದುದರಿಂದ ನಮಗೆ ಒಂದು ಅನುಕೂಲವಿತ್ತು. ಏಳು ತುದಿಗಳಿಗೆ ಸಾಧ್ಯವಿರುವ ಬೇರಿಲ್ಲದ ವೃಕ್ಷಗಳು 945, ಎಂಟಕ್ಕೆ 10,395. ದೊಡ್ಡ ಕುಟುಂಬಗಳಲ್ಲಿ ಊಹಿಸಿ ಹುಡುಕಬೇಕಾಗುತ್ತದೆ, ಇಲ್ಲಿ ಎಲ್ಲವನ್ನೂ ಒಂದೊಂದಾಗಿ ಅಳೆಯಬಹುದಿತ್ತು. ಮಳೆಗಾಲದ ನಡುವೆ, ಕರೆಂಟು ಇದ್ದಷ್ಟು ಹೊತ್ತು ಓಡಿಸಿ, ಹೋದಾಗ ನಿಂತಲ್ಲಿಂದಲೇ ಮುಂದುವರಿಸುವಂತೆ ಸಣ್ಣ ಸಣ್ಣ ಕಂತುಗಳಲ್ಲಿ ಅವಳು ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲೇ ಮುಗಿಸಿದಳು. ಈ ಪರೀಕ್ಷೆಗೆ ಸ್ಪರ್ಧಿಗಳು ಹೆಚ್ಚಿದಷ್ಟೂ ಅದು ಹೆಚ್ಚು ಉದಾರವಾಗುತ್ತದೆ ಎಂಬ ದೋಷ ತಿಳಿದದ್ದೇ ಇದೆ, ಆದ್ದರಿಂದ ಶಿಮೊಡೈರಾ 2002ರಲ್ಲಿ ಕೊಟ್ಟ ಸುಧಾರಿತ ಪರೀಕ್ಷೆಯನ್ನೂ ಜೊತೆಗೆ ನಡೆಸಿದೆವು. ಮೆಣಸು ಮತ್ತು ಈಶ್ವರಿ ಬಳ್ಳಿಯ ಜೋಡಿ ಕರ್ಪೂರದ ಪಕ್ಕದಲ್ಲಿರುವ ವೃಕ್ಷಗಳು ಎರಡೂ ಪರೀಕ್ಷೆಗಳಲ್ಲಿ ಉಳಿದುಕೊಂಡವು. ಸಂಪಿಗೆ ಬಳಗ ಒಂದೇ ಬಳಗ ಎಂಬುದರ ಬಗ್ಗೆ ಇತರ ಸಾವಿರಾರು ಜೀನ್‌ಗಳಿಂದ ಬಂದ ಸಾಕ್ಷ್ಯದಲ್ಲಿ ತಕರಾರಿಲ್ಲ. ದೋಷವೂ ಅನುಕ್ರಮದಲ್ಲಿ ಕಣ್ಣೆದುರೇ ಸಿಕ್ಕಿತ್ತು. ಆ ಕವಲನ್ನು ನಾವು ತಿದ್ದಿದೆವು. ಪುರಾತನ ಇಮ್ಮಡಿಕೆಯೂ ಮೂರು ನಷ್ಟಗಳೂ ಅಲ್ಲಿಗೆ ಮಾಯವಾದವು.

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಹೀಗೆ ತಿದ್ದಿದ ವೃಕ್ಷಗಳಲ್ಲಿ ಅತಿ ಹೆಚ್ಚು ಲೈಕ್‌ಲಿಹುಡ್ ಪಡೆದದ್ದು ಸಂಪಿಗೆ ಬಳಗವನ್ನು ಏಕದಳಗಳ ಪಕ್ಕದಲ್ಲಿ, ಅಂದರೆ ಅಡಿಕೆ-ಬಾಳೆಗಳ ಪಕ್ಕದಲ್ಲಿ ಕೂರಿಸಿ, ಮಾವು-ಹಲಸುಗಳನ್ನು ಹೊರಗಿಟ್ಟಿತ್ತು. ನಾವು ಬಳಸಿದ ಪ್ರಭೇದ ವೃಕ್ಷದಲ್ಲಿ ಏಕದಳ ಮತ್ತು ದ್ವಿದಳ ಜೊತೆಯಾಗಿದ್ದು ಸಂಪಿಗೆ ಬಳಗ ಹೊರಗಿದೆ. ಹೊಂದಾಣಿಕೆಯ ಲೆಕ್ಕ ಮತ್ತೆ ಮಾಡಿದರೆ ಏನು ಬರುತ್ತದೆ? ಮೂಲಪುರುಷನಲ್ಲಿ ಒಂದು ಇಮ್ಮಡಿಕೆ. ಮೊದಲ ಪ್ರತಿ ದ್ವಿದಳಗಳಲ್ಲಿ ನಷ್ಟ, ಎರಡನೆಯ ಪ್ರತಿ ಸಂಪಿಗೆ ಬಳಗದಲ್ಲೂ ಏಕದಳಗಳಲ್ಲೂ ನಷ್ಟ. ಮತ್ತೆ ಒಂದು ಇಮ್ಮಡಿಕೆ, ಮೂರು ನಷ್ಟ. ಎರಡೂ ಪ್ರತಿಗಳನ್ನು ಹೊಂದಿದ ಗಿಡ ಮತ್ತೆ ಒಂದೂ ಇಲ್ಲ. ಅಂಕಿಗಳಲ್ಲಿ ಮೊದಲ ತಪ್ಪಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

“ಹಾಗಾದರೆ ಇದನ್ನೂ ತಿದ್ದಿಬಿಡೋಣವೇ ಸರ್?” ಎಂದು ಅವಳು ಕೇಳಿದ್ದು ಸಹಜ. ನಾನು ಬೇಡವೆಂದೆ. ಅದಕ್ಕೆ ಎರಡು ಕಾರಣಗಳಿದ್ದವು.

ಜೀನ್ ವೃಕ್ಷ ಪ್ರಭೇದ ವೃಕ್ಷಕ್ಕಿಂತ ಬೇರೆಯಾಗಲು ಇಮ್ಮಡಿಕೆಯೂ ಬೇಕಿಲ್ಲ, ತಪ್ಪೂ ಬೇಕಿಲ್ಲ. ಪೂರ್ವಜ ಪ್ರಭೇದದ ಒಳಗೆ ಒಂದೇ ಜೀನಿನ ಹಲವು ರೂಪಗಳು ಇದ್ದೇ ಇರುತ್ತವೆ. ಆ ಪ್ರಭೇದ ಎರಡಾಗಿ, ಸ್ವಲ್ಪ ಕಾಲದಲ್ಲೇ ಮತ್ತೆ ಒಂದು ಕವಲೊಡೆದರೆ, ಹಳೆಯ ರೂಪಗಳು ಮೂರು ವಂಶಗಳಿಗೆ ಹೇಗೆ ಹಂಚಿಕೆಯಾದವು ಎಂಬುದು ಪ್ರಭೇದಗಳು ಬೇರೆಯಾದ ಕ್ರಮವನ್ನು ಅನುಸರಿಸಬೇಕಾಗಿಲ್ಲ. ಮನೆಯ ಪಾಲಾದಾಗ ಯಾವ ಮಗನಿಗೆ ಯಾವ ಪಾತ್ರೆ ಹೋಯಿತು ಎಂಬುದು ಅವರು ಯಾವ ಕ್ರಮದಲ್ಲಿ ಮನೆ ಬಿಟ್ಟರು ಎಂಬುದನ್ನು ಹೇಳದು. ಜೀನ್ ಪ್ರತಿಗಳ ವಂಶಗಳು ಹಿಂದಕ್ಕೆ ಹೋದಂತೆ ಒಂದರೊಳಗೊಂದು ಕೂಡುವ ಬಗೆಯ ಬಗ್ಗೆ ಕಿಂಗ್‌ಮನ್ 1982ರಲ್ಲಿ ಕೊಟ್ಟ ಸಿದ್ಧಾಂತದಿಂದ ಇದನ್ನು ಲೆಕ್ಕ ಹಾಕಬಹುದು. ಎರಡು ಕವಲುಗಳ ನಡುವಿನ ಅಂತರ, ಪೂರ್ವಜ ಜನಸಂಖ್ಯೆಯ ಎರಡರಷ್ಟು ತಲೆಮಾರುಗಳಷ್ಟಿದ್ದರೆ, ಜೀನ್ ವೃಕ್ಷ ಪ್ರಭೇದ ವೃಕ್ಷದಂತೆಯೇ ಇರುವ ಸಾಧ್ಯತೆ ಸುಮಾರು ಶೇ. 75. ಅಂತರ ಅದರ ಹತ್ತನೇ ಒಂದರಷ್ಟಾದರೆ ಆ ಸಾಧ್ಯತೆ ಶೇ. 40ಕ್ಕೆ ಇಳಿಯುತ್ತದೆ, ಉಳಿದ ಎರಡು ರೂಪಗಳಿಗೆ ತಲಾ ಶೇ. 30. ಅಂತರ ಇನ್ನೂ ಕುಗ್ಗಿದಂತೆ ಮೂರೂ ಸಮಸಮ. ಇಂಥ ಕಡೆ ಬಹಳಷ್ಟು ಜೀನ್‌ಗಳು ಭಿನ್ನ ಸಾಕ್ಷಿ ಹೇಳುವುದೇ ಸತ್ಯ, ಅವನ್ನೆಲ್ಲ ಒಂದೇ ಆಕಾರಕ್ಕೆ ತಂದರೆ ನಿಜವಾದ ಇತಿಹಾಸವನ್ನು ಅಳಿಸಿದಂತೆ.

ಸಂಪಿಗೆ ಬಳಗ, ಏಕದಳ, ದ್ವಿದಳಗಳ ಕವಲು ಅಂಥದೇ ಜಾಗ. ಈ ಮೂರೂ ಬಹಳ ಕಡಿಮೆ ಅಂತರದಲ್ಲಿ ಬೇರೆಯಾದವು. 2016ರ ಆಂಜಿಯೋಸ್ಪರ್ಮ್ (ಹೂಬಿಡುವ ಸಸ್ಯಗಳ) ವರ್ಗೀಕರಣ ಸಂಪಿಗೆ ಬಳಗವನ್ನು ಉಳಿದೆರಡರ ಹೊರಗಿಟ್ಟಿತು. 2019ರಲ್ಲಿ ಬಂದ ಮೆಣಸಿನ ಜೀನೋಮೂ ಸಂಪಿಗೆಯ ಬಂಧುವಾದ ಚೀನಾದ ಲಿರಿಯೊಡೆಂಡ್ರಾನ್ ಮರದ ಜೀನೋಮೂ ಅದನ್ನೇ ಹೇಳಿದವು. ಅದೇ ವರ್ಷ ಬಂದ ಕರ್ಪೂರ ಜಾತಿಯ ಮರದ ಜೀನೋಮ್ ಸಂಪಿಗೆ ಬಳಗವನ್ನು ದ್ವಿದಳಗಳ ಪಕ್ಕಕ್ಕೆ ತಂದಿತು. ಅಂದರೆ ನಮ್ಮ ತಿದ್ದುಪಡಿಯ ಅಳತೆಗೋಲಾದ ಪ್ರಭೇದ ವೃಕ್ಷವೇ ಈ ಒಂದು ಗಂಟಿನಲ್ಲಿ ವಿವಾದದಲ್ಲಿದೆ. ಮೊದಲನೆಯದನ್ನು ಇಟ್ಟುಕೊಂಡರೆ ನಮ್ಮ ಜೀನ್ ಒಂದು ಕಡೆಗೆ, ಎರಡನೆಯದನ್ನು ಇಟ್ಟುಕೊಂಡರೆ ಇನ್ನೊಂದು ಕಡೆಗೆ ತಿದ್ದಲ್ಪಡುತ್ತದೆ, ಮತ್ತು ಎರಡೂ ಸಲ ಪರೀಕ್ಷೆ ಅಡ್ಡಿ ಮಾಡುವುದಿಲ್ಲ, ಏಕೆಂದರೆ ಮೂರೂ ರೂಪಗಳ ಲೈಕ್‌ಲಿಹುಡ್‌ನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಹೀಗೆ ತಿದ್ದಿದ ನೂರಾರು ಜೀನ್ ವೃಕ್ಷಗಳನ್ನು ಮುಂದೊಬ್ಬರು ಒಟ್ಟುಗೂಡಿಸಿ, ಎಲ್ಲ ಜೀನ್‌ಗಳೂ ಒಂದೇ ಮಾತು ಹೇಳುತ್ತಿವೆ ಎಂದು ತೀರ್ಮಾನಿಸಿದರೆ, ನಾವೇ ಹೇಳಿಕೊಟ್ಟ ಮಾತನ್ನು ಸಾಕ್ಷಿಯ ಬಾಯಿಂದ ಕೇಳಿದಂತಾಗುತ್ತದೆ. ಈ ಸುತ್ತು ವಾದದ ಅಪಾಯದ ಬಗ್ಗೆ ತಂತ್ರಾಂಶ ಎಚ್ಚರಿಸುವುದಿಲ್ಲ.

ಹಾಗೆಂದು ಸಂಪಿಗೆ ಬಳಗ ಅಡಿಕೆಗೆ ಹತ್ತಿರ ಎಂದು ಈ ಒಂದು ಜೀನಿನಿಂದ ಬರೆಯುವುದೂ ತಪ್ಪಾಗುತ್ತಿತ್ತು. ಅನುಕ್ರಮ ಅಷ್ಟು ಹೇಳಿರಲಿಲ್ಲ. ಆದ್ದರಿಂದ ಆ ಗಂಟನ್ನು ಬಿಚ್ಚಿ ಮೂರು ಕವಲಿನ ಒಂದೇ ಗಂಟಾಗಿ ಇಡುವುದೆಂದು ತೀರ್ಮಾನಿಸಿದೆವು. ಪ್ರಬಂಧದಲ್ಲಿ ಇಮ್ಮಡಿಕೆ ಮತ್ತು ನಷ್ಟಗಳ ಎಣಿಕೆಗೆ ತಿದ್ದಿದ ವೃಕ್ಷವನ್ನೂ, ಸಂಪಿಗೆ ಬಳಗದ ಸ್ಥಾನದ ಚರ್ಚೆಗೆ ಇಂಟ್ರಾನ್ ತೆಗೆದು ಪ್ರಭೇದ ವೃಕ್ಷದ ಸಹಾಯವಿಲ್ಲದೆ ಕಟ್ಟಿದ ವೃಕ್ಷವನ್ನೂ ಪ್ರತ್ಯೇಕವಾಗಿ ಕೊಟ್ಟಳು. ಯಾವ ಕವಲನ್ನು ಅನುಕ್ರಮದ ದೋಷ ತೆಗೆದು ಸರಿಪಡಿಸಲಾಯಿತು, ಯಾವುದನ್ನು ಪ್ರಭೇದ ವೃಕ್ಷವನ್ನು ನೋಡಿ ಸರಿಸಲಾಯಿತು, ಯಾವುದನ್ನು ತೀರ್ಮಾನಿಸದೆ ಬಿಡಲಾಯಿತು ಎಂಬುದನ್ನು ಚಿತ್ರದಲ್ಲಿ ಮೂರು ಬಗೆಯ ಗೆರೆಗಳಿಂದ ತೋರಿಸಿದ್ದು ಅವಳದೇ ಯೋಚನೆ. ಇಂಥ ಗೆರೆಗಳು ಪ್ರತಿಯೊಂದು ತಿದ್ದಿದ ವೃಕ್ಷದ ಚಿತ್ರದಲ್ಲೂ ಇರಬೇಕೆಂದು ನನಗೆ ಈಗ ಅನ್ನಿಸುತ್ತದೆ.

ಮೆಣಸು ಮಾತ್ರ ಕಾಪಾಡಿಕೊಂಡ ಪುರಾತನ ಪ್ರತಿಯ ಕುರಿತ ವಾಕ್ಯ ಕರಡಿನಿಂದ ಹೊರಗೆ ಹೋಯಿತು. ಅದನ್ನು ಹೊಡೆದುಹಾಕುವಾಗ ಅವಳಿಗೆ ಬೇಸರವಾಗಿದ್ದು ಮುಖದಲ್ಲೇ ಕಾಣುತ್ತಿತ್ತು, ಮತ್ತು ಆ ಬೇಸರವನ್ನು ನಾನು ಗೌರವಿಸುತ್ತೇನೆ. ಮೆಣಸಿನಲ್ಲಿ ಜೀನ್‌ಗಳು ನಿಜವಾಗಿಯೂ ಇಮ್ಮಡಿಯಾಗಿ ಹೆಚ್ಚಿದ ಕುಟುಂಬಗಳು ಬೇರೆ ಇವೆ. ಅದರ ಖಾರಕ್ಕೆ ಕಾರಣವಾದ ಪೈಪರಿನ್ ತಯಾರಿಕೆಗೆ ಸಂಬಂಧಿಸಿದ ಅಸಿಲ್‌ಟ್ರಾನ್ಸ್‌ಫರೇಸ್ ಕುಟುಂಬ ಅವುಗಳಲ್ಲೊಂದೆಂದು 2019ರ ಜೀನೋಮ್ ವರದಿಯೇ ಹೇಳುತ್ತದೆ. ಅಲ್ಲಿ ಒಂದೇ ಗಿಡದಲ್ಲಿ ಹಲವು ಪ್ರತಿಗಳು ಅಕ್ಕಪಕ್ಕ ಇರುವುದರಿಂದ ಇಮ್ಮಡಿಕೆಯೇ ನಡೆದಿಲ್ಲ ಎನ್ನುವ ಪ್ರಶ್ನೆ ಏಳುವುದಿಲ್ಲ. ಅವು ಯಾವಾಗ ನಡೆದವು ಎಂಬುದಷ್ಟೇ ಪ್ರಶ್ನೆ. ಅವಳು ಈಗ ಆ ಕುಟುಂಬದ ಪ್ರತಿಯೊಂದು ಪ್ರತಿಯ ಇಂಟ್ರಾನ್ ಗಡಿಗಳನ್ನು ಆರ್‌ಎನ್‌ಎ ಅನುಕ್ರಮಗಳ ಜೊತೆ ತಾಳೆ ನೋಡುವ ಕೆಲಸದಲ್ಲಿದ್ದಾಳೆ. ವೃಕ್ಷವನ್ನು ಇನ್ನೂ ಕಟ್ಟಿಲ್ಲ.